ಪಟ್ಟಿಯಲ್ಲಿ ಉಳಿದ ತಂಗಿ

ಆ ಬೆಳಿಗ್ಗೆ ಕಂಪ್ಯೂಟರಿನ ತೆರೆಯ ಮೇಲೆ ಆ ಹೆಸರು ಕಂಡು ನನ್ನ ಕೈಯಲ್ಲಿದ್ದ ಡಬ್ಬಿ ಜಾರಿತು. ಒಗ್ಗರಣೆ ಮಂಡಕ್ಕಿ ನೆಲದ ತುಂಬ ಚೆಲ್ಲಿತು. ಒಂದು ವರ್ಷದ ಹಿಂದೆ ನಾವೇ ಬಿಚ್ಚಿ, ತೆಂಗಿನಕಾಯಿ ಒಡೆದು, ಲಾರಿಗೆ ಹೇರಿ ಕಳಿಸಿದ್ದ ಯಂತ್ರದ ಹೆಸರು ಅದು.

ನಾನು ಹತ್ತನೇ ತರಗತಿ ಪಾಸಾದವನು. ಹೊಸಪೇಟೆಯ ಒಂದು ಗಣಿ ಕಂಪನಿಯ ಕಚೇರಿಯಲ್ಲಿ ಕಂಪ್ಯೂಟರ್ ಓದುವ ಕಾರ್ಡಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿ, ತೊಂಬತ್ತರ ದಶಕದ ಹೊತ್ತಿಗೆ ಕಂಪ್ಯೂಟರ್ ಕೋಣೆಯ ಹಿರಿಯ ಆಪರೇಟರ್ ಆಗಿದ್ದೆ. ಅಲ್ಲಿ ಬೀರುವಿನಷ್ಟು ದೊಡ್ಡ ಎರಡು ಕಂಪ್ಯೂಟರುಗಳಿದ್ದವು. ಸಂಡೂರಿನ ಗುಡ್ಡದಿಂದ ಇಳಿದ ಅದಿರು ಯಾವ ವ್ಯಾಗನ್ನಿಗೆ ಎಷ್ಟು ಬಿತ್ತೆಂದು ಅವು ಜೋಡಿಯಾಗಿ ಬರೆದಿಡುತ್ತಿದ್ದವು. ಹಂಪಿಯ ದಾರಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಅಕ್ಕ ತಂಗಿ ಬಂಡೆಗಳನ್ನು ನೆನೆದು ನಾವು ಅವಕ್ಕೆ ‘ಅಕ್ಕ’, ‘ತಂಗಿ’ ಎಂದೇ ಹೆಸರಿಟ್ಟಿದ್ದೆವು. ಈ ಜೋಡಿಯಲ್ಲಿ ಯಾರ್ಯಾರಿದ್ದಾರೆ ಎಂಬ ಪಟ್ಟಿ ಎರಡೂ ಓದಬಲ್ಲ ಒಂದು ಡಿಸ್ಕಿನಲ್ಲಿತ್ತು. ಅದನ್ನು ‘ಮನೆಮಂದಿ ಪಟ್ಟಿ’ ಎನ್ನುತ್ತಿದ್ದೆವು.

ತಂಗಿ ಹಳೆಯದಾಯಿತು. ಅದರ ಜಾಗಕ್ಕೆ ಹೊಸ ಯಂತ್ರ ಬಂತು, ಅದು ‘ಸೊಸೆ’ಯಾಯಿತು. ಪಟ್ಟಿಗೆ ಸೊಸೆಯನ್ನು ಸೇರಿಸಿ ತಂಗಿಯನ್ನು ತೆಗೆಯುವ ಕೆಲಸ ನನ್ನದು. ಸೇರಿಸಿದೆ. ತೆಗೆಯಬೇಕಾದರೆ ಅಕ್ಕನನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಿತ್ತು. ಅವತ್ತು ಕಂಪ್ಲಿಯಲ್ಲಿ ನಮ್ಮ ಭಾವನ ಹೊಸ ಅಕ್ಕಿ ಗಿರಣಿಯ ಪೂಜೆ. ಕಾಲುವೆ ನೀರಿನಿಂದ ಎರಡು ಬೆಳೆ ಕಂಡ ಮನೆ, ಹೋಳಿಗೆ ಊಟ. ಬಸ್ಸಿಗೆ ಹೊತ್ತಾಗುತ್ತಿತ್ತು. ನಮ್ಮವ್ವ ತೀರಿಕೊಂಡು ಮೂರು ವರ್ಷವಾದರೂ ರೇಷನ್ ಕಾರ್ಡಿನಲ್ಲಿ ಅವಳ ಹೆಸರಿತ್ತು, ಅವಳ ಪಾಲಿನ ಸಕ್ಕರೆಯೂ ಬರುತ್ತಿತ್ತು. ಸತ್ತವರ ಹೆಸರು ಪಟ್ಟಿಯಲ್ಲಿದ್ದರೆ ಯಾರಿಗೇನು ತೊಂದರೆ? ರಿಜಿಸ್ಟರಿನಲ್ಲಿ ‘ತಂಗಿಯನ್ನು ತೆಗೆದಿದೆ’ ಎಂದು ಬರೆದು ಸಹಿ ಹಾಕಿ ಬಸ್ಸು ಹಿಡಿದೆ.

ಆಮೇಲೆ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಚೋರನೂರಿನ ಕಡೆಯವಳು, ಇನ್ನೂ ಕಾಯಂ ಆಗಿರಲಿಲ್ಲ. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ. “ಹೋದ ತಂಗಿ ಸೀರಿ ಉಟಗೊಂಡು ತಿರುಗಿ ಬಂದಾಳ ನೋಡ್ರಿ” ಎಂದು ಜವಾನ ನಗಿಸುತ್ತಿದ್ದ.

ಆ ದಿನ ಮೊದಲ ಪಾಳಿ ಅವಳದು. ಅಕ್ಕ ಏನೋ ದೋಷದಿಂದ ಆ ವರ್ಷದಲ್ಲಿ ಮೊದಲ ಸಲ ನಿಂತು, ಮತ್ತೆ ಶುರುವಾಗುವಾಗ ಮನೆಮಂದಿ ಪಟ್ಟಿ ಓದಿ, ತೆರೆಯ ಮೇಲೆ ಕೇಳಿತು: ತಂಗಿ ಉತ್ತರ ಕೊಡುತ್ತಿಲ್ಲ, ಅದರ ಸ್ವಿಚ್ ಪೂರ್ತಿ ಆರಿಸಿ, ನಿಂತಿದೆ ಎಂದು ತಿಳಿಸಿ. ಅವಳು ರಿಜಿಸ್ಟರು ತೆಗೆದು ನೋಡಿದ್ದಾಳೆ. ತಂಗಿಯನ್ನು ತೆಗೆದಾಗಿದೆ, ನನ್ನ ಸಹಿಯಿದೆ. ಹಾಗಾದರೆ ಅಕ್ಕ ಹೇಳುವ ತಂಗಿ ಯಾರು? ತಂಗಿಯ ಜಾಗದಲ್ಲಿ ನಿಂತಿರುವ ಸೊಸೆಯೇ ಇರಬೇಕು. ಅವಳು ಸೊಸೆಯ ಸ್ವಿಚ್ ಆರಿಸಿಬಿಟ್ಟಳು. ಸೊಸೆ ಆ ಕ್ಷಣ ಅದಿರು ತುಂಬುವ ಸೈಡಿಂಗಿನಲ್ಲಿ ನಿಂತಿದ್ದ ಗೂಡ್ಸ್ ರೈಲಿನ ಲೆಕ್ಕ ಬರೆಯುತ್ತಿತ್ತು. ಬರೆದದ್ದೆಲ್ಲ ಹೋಯಿತು. ಅವಳು ಮಾಡಿದ್ದು ತಪ್ಪಲ್ಲ. ನನ್ನ ಸಹಿಯನ್ನು ನಂಬಿದ್ದಳು.

ನಾನು ಡಬ್ಬಿ ಹಿಡಿದು ಒಳಗೆ ಬಂದದ್ದು ಆಗ.

“ಅಣ್ಣಾರ, ಇದು ಯಾವ ತಂಗಿ? ರಿಜಿಸ್ಟರಿನ್ಯಾಗ ತೆಗದೈತಿ ಅಂತ ನೀವ ಬರದೀರಲ್ರಿ!”

“ನೀ ಜಲ್ದಿ ಹೋಗು, ಸಾಹೇಬ್ರನ್ನ ಕರಕೊಂಡು ಬಾ” ಎಂದೆ.

ಅವಳು ಓಡಿದಳು. ನಾನು ಕುರ್ಚಿಯಲ್ಲಿ ಕುಳಿತು ತಂಗಿಯ ಹೆಸರನ್ನು ಅಳಿಸಿದೆ. ಅಕ್ಕ ಹೇಗೂ ನಿಂತೇ ಇತ್ತು. ಎರಡು ನಿಮಿಷ ಹಿಡಿಯಲಿಲ್ಲ. ಒಂದು ವರ್ಷದಿಂದ ಮಾಡದ ಕೆಲಸ! ತೆರೆಯ ಮಾತನ್ನು ಕಾಗದದ ಮೇಲೆ ಅಚ್ಚು ಹಾಕುವ ಯಂತ್ರಕ್ಕೆ ಆ ವಾರ ಶಾಯಿಯ ರಿಬ್ಬನ್ ಇರಲಿಲ್ಲ, ಹಾಗಾಗಿ ಕಾಗದದ ಸಾಕ್ಷಿಯೂ ಇರಲಿಲ್ಲ. ಅದೂ ನನಗೆ ಗೊತ್ತಿತ್ತು. ಅಳಿಸಿದ ಮೇಲೆ ನನ್ನ ಬೆರಳುಗಳನ್ನು ನೋಡಿದೆ. ಇಷ್ಟು ಚುರುಕಾಗಿ ಕೆಟ್ಟದ್ದು ಮಾಡಬಲ್ಲೆನೆಂದು ನನಗೇ ತಿಳಿದಿರಲಿಲ್ಲ.

ಸಾಹೇಬರು ಕಚೇರಿಯ ನಾಲ್ಕಾರು ಜನರೊಂದಿಗೆ ಬಂದು ಪಟ್ಟಿ ತೆಗೆಸಿದರು. ಅಕ್ಕ, ಸೊಸೆ. ಎರಡೇ ಹೆಸರು.

“ಎಲ್ಲೈತಮ್ಮ ನಿನ್ನ ತಂಗಿ?”

“ಈಗ ಇತ್ತರಿ ಸರ. ನಾ ನನ್ನ ಕಣ್ಣಾರೆ ನೋಡೇನ್ರಿ. ಅಣ್ಣಾರೂ ನೋಡ್ಯಾರ. ಹೇಳ್ರಿ ಅಣ್ಣಾರ.”

ಎಲ್ಲರೂ ನನ್ನತ್ತ ತಿರುಗಿದರು. ನೆಲದ ಮಂಡಕ್ಕಿ ಬಳಿಯುತ್ತಿದ್ದ ಜವಾನನ ಕೈಯೂ ನಿಂತಿತು.

“ನಾ ಬಂದಾಗ ಏನೂ ಇರಲಿಲ್ರಿ” ಎಂದೆ.

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನನ್ನನ್ನು ನೋಡಿದಳು, ತೆರೆಯನ್ನು ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ತೆರೆಯನ್ನು ನೋಡಿದಳು. “ತಂಗಿಗೆ ತಂಗಿ ದೆವ್ವಾಗಿ ಕಾಣಿಸ್ಯಾಳ” ಎಂದು ಯಾರೋ ಅಂದರು. ನಕ್ಕರು. ನಾನೂ ನಕ್ಕೆ. ಓಡುತ್ತಿದ್ದ ಯಂತ್ರವನ್ನು ಸುಮ್ಮಸುಮ್ಮನೆ ಆರಿಸಿದಳೆಂದು ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು.

ಎಷ್ಟೋ ವರ್ಷಗಳ ಮೇಲೆ, ನಾನು ನಿವೃತ್ತನಾಗಿ ಕೂದಲು ನೆರೆತ ಮೇಲೆ, ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಎದುರು ಬಂದು ನಿಂತಳು. ಗುರುತು ಹಿಡಿಯುವ ಮೊದಲೇ “ಅಣ್ಣಾರ” ಎಂದಳು.

“ಬೈಯಾಕ ಬಂದಿಲ್ರಿ, ಅಂಜಬ್ಯಾಡ್ರಿ. ಒಂದ ಮಾತು ಕೇಳತೀನಿ. ಆ ಹೆಸರು ಇತ್ತೋ, ಇರಲಿಲ್ಲೋ? ಅವತ್ತಿನಿಂದ ನನ್ನ ಕಣ್ಣು ನಾನ ನಂಬಂಗಿಲ್ಲ. ಒಲಿ ಆರಿಸಿದ್ರ ಮೂರು ಸಲ ಹೋಗಿ ನೋಡತೀನಿ, ಕದಾ ಹಾಕಿದ್ರ ತಿರುಗಿ ಬಂದು ನೋಡತೀನಿ. ಮನ್ಯಾಗ ಎಲ್ಲಾರೂ ಹುಚ್ಚಿ ಅಂತಾರ.”

ನಾನು ಕಳೆದದ್ದು ಅವಳ ಕೆಲಸವನ್ನಷ್ಟೇ ಎಂದು ಇಷ್ಟು ಕಾಲ ತಿಳಿದಿದ್ದೆ.

“ಇತ್ತವ್ವ” ಎಂದೆ. “ನಾನ ಅಳಿಸಿದೆ.”

ಅವಳು ದೂರದಲ್ಲಿ ಬಾಳೆಹಣ್ಣು ಕೊಳ್ಳುತ್ತಿದ್ದ ಗಂಡ, ಮಗಳನ್ನು ಕೈಬೀಸಿ ಕರೆದಳು. “ಅವರ ಮುಂದ ಇನ್ನೊಂದ ಸಲ ಹೇಳ್ರಿ ಅಣ್ಣಾರ. ಇಷ್ಟ ಸಾಕು.”

ಅವರು ಬರುತ್ತಿದ್ದರು. ಕಂಪ್ಲಿ ಬಸ್ಸು ಹೊರಟಿತ್ತು. ನನಗೆ ಕಂಪ್ಲಿಯಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಓಡಿ ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವಳು ಬೆರಳು ಮಾಡಿ ಬಸ್ಸನ್ನು ತೋರಿಸುತ್ತಿದ್ದಳು. ಅವಳ ಗಂಡ ತಲೆಯಾಡಿಸುತ್ತ ಅವಳ ತೋಳು ಹಿಡಿದು ಸಮಾಧಾನ ಮಾಡುತ್ತಿದ್ದ.

ಅವರ ಮುಂದೆ ಹೇಳದೆ ಓಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹೆಸರು ಪಟ್ಟಿಯಲ್ಲಿತ್ತು. ಅವಳು ನೋಡಿದ್ದು ನಿಜ. ಬಸ್ ನಿಲ್ದಾಣದಲ್ಲಿ ನಾನು ಸಿಕ್ಕಿದ್ದೂ ನಿಜ.