ಹೂವಿನ ಗಾಡಿ ತಪ್ಪಿದ ದಿನ

ಇನ್ನಂಜೆಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುವ ಸುಮತಿಯಕ್ಕನಿಗೆ ಐದು ವರ್ಷದ ಯೋಜನೆ ವಿವರಿಸಲು ಮಣಿಪಾಲದಿಂದ ಹೋಗಿದ್ದೆ. ಬಂದವರು ಮಾತಾಡುವಾಗ ಕೈಕೆಲಸ ಮಾಡುವುದು ಮರ್ಯಾದೆಯಲ್ಲವೆಂದು ಹೂ ಕಟ್ಟುತ್ತಿದ್ದವರೆಲ್ಲ ಬಾಳೆನಾರು ಕೆಳಗಿಟ್ಟರು. ನಾನು ಲ್ಯಾಪ್‌ಟಾಪಿನಲ್ಲಿ ದುಬೈ ಮಾರುಕಟ್ಟೆ ತಲುಪುವಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಉಡುಪಿಗೆ ಹೂ ಒಯ್ಯುವ ಗಾಡಿ ಯಾರಿಗೂ ಕಾಯುವುದಿಲ್ಲ, ಹೊರಟೇ ಹೋಯಿತು. ಅರ್ಧ ಹೂ ಇನ್ನೂ ಕಟ್ಟಿರಲಿಲ್ಲ.

ಅಕ್ಕ ಬೈಯಲಿಲ್ಲ. "ಯೋಜನೆ ಒಳ್ಳೆಯದುಂಟು. ಆದರೆ ಮೊಗ್ಗು ಸಂಜೆಗೆ ಅರಳಿದರೆ ಯಾರೂ ಕೊಳ್ಳುವುದಿಲ್ಲ. ನಿಮ್ಮ ಕಾರು ಉಂಟಲ್ವಾ?"

ಕಟ್ಟಿ ಮುಗಿಯುವವರೆಗೆ ಬಾಯಿ ಮುಚ್ಚಿ ಕೂತು, ಹಿಂದಿನ ಸೀಟಿನ ತುಂಬ ಮಲ್ಲಿಗೆ ಹೇರಿಕೊಂಡು ಉಡುಪಿಗೆ ಹೋದೆ. ಅಂಗಡಿಯವನು ತಲೆಯೆತ್ತದೆ ಹೇಳಿದ: "ಹೊಸ ಡ್ರೈವರಾ? ನಾಳೆ ಬೇಗ ಬನ್ನಿ."

ಸಲಹೆ ಕೊಡುವುದೇ ನನ್ನ ಉದ್ಯೋಗ. ಅಷ್ಟು ಸ್ಪಷ್ಟವಾದದ್ದನ್ನು ನಾನು ಯಾರಿಗೂ ಕೊಟ್ಟಿಲ್ಲ.