ಬೀದಿಗೆಲ್ಲ ಲಿನಕ್ಸ್, ಅತ್ತೆಗೆ ಕೊಟ್ಟ ಮಾತು

“ನೀವಾಗಿ ಕೇಳೋವರೆಗೂ ನಿಮ್ಮ ಕಂಪ್ಯೂಟರನ್ನ ಬದಲಾಯಿಸಲ್ಲ ಅತ್ತೆ.” ಅಂಗಡಿಯ ಬಾಗಿಲು ಮೊದಲ ಸಲ ತೆರೆದ ದಿನ ಸೊಸೆ ಕೊಟ್ಟ ಮಾತಿದು. ಕೊಡುವಾಗ ಸುಲಭವಿತ್ತು.

ಈಗ ಅದೇ ಕಂಪ್ಯೂಟರ್ ಸೊಸೆಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಬೀದಿಯವರೆಲ್ಲ ರಿಪೇರಿ ಅಕ್ಕ ಎನ್ನುವ ಈ ಸೊಸೆ ಬಣ್ಣದ ಬ್ರಷ್ಷಿನಿಂದ ಫ್ಯಾನಿನ ಧೂಳು ಕೊಡವುತ್ತಿದ್ದಾರೆ. ಮಕ್ಕಳು ಏಳುವುದರೊಳಗೆ ಸಿಗುವ ಹೊತ್ತೇ ಅವರಿಗೆ ನೆಮ್ಮದಿಯ ಹೊತ್ತು.

ಕಂಪನಿಗಳು ಅಪ್‌ಡೇಟ್ ನಿಲ್ಲಿಸಿ ಕೈಬಿಟ್ಟ ಹಳೆ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಮತ್ತೆ ನಡೆಸುವುದು ಅವರ ಕಸುಬು. ಪುಕ್ಕಟೆ ಸಿಗುವ, ಒಳಗೇನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅದು. ಜೆರಾಕ್ಸ್ ಅಂಗಡಿಯಲ್ಲಿ ದುಡಿಯುವಾಗ, ಮಾಲೀಕರು ಎಸೆಯಲಿಟ್ಟ ಕಂಪ್ಯೂಟರಿನ ಮೇಲೆ ಕೈ ಪಳಗಿಸಿಕೊಂಡರು. ಎರಡನೇ ಹೆರಿಗೆಯ ಹೊತ್ತಿಗೆ ಕೆಲಸ ಹೋಯಿತು. ಕೈಗೆ ಹತ್ತಿದ ವಿದ್ಯೆ ಹೋಗಲಿಲ್ಲ.

ಯಾರೇ ಬರಲಿ, ಮೊದಲು ಕಂಪ್ಯೂಟರಿನ ಒಳಗಿರುವುದನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ, ಗಿರಾಕಿಯನ್ನು ಕೂರಿಸಿ, ತಾವು ಬೆನ್ನು ತಿರುಗಿಸಿ ನಿಲ್ಲುತ್ತಾರೆ. “ಮೇಲ್ ನೋಡೋದು, ಪತ್ರ ಟೈಪ್ ಮಾಡೋದು, ಸಿನಿಮಾ ನೋಡೋದು, ಇಷ್ಟೇ ಆದ್ರೆ ಕಣ್ಮುಚ್ಚಿ ಬದಲಾಯಿಸಿ. ನಾನು ತಿರುಗಿ ನೋಡೋಷ್ಟರಲ್ಲಿ ಬೆವತಿದ್ರೆ ಬೇಡ,” ಎನ್ನುತ್ತಾರೆ. ಕಸೂತಿ ಯಂತ್ರವಿಟ್ಟುಕೊಂಡ ದರ್ಜಿಗೆ ಅವರೇ ಬೇಡವೆಂದು ಹೇಳಿ ಕಳಿಸಿದರು. ಆ ಯಂತ್ರದ ತಂತ್ರಾಂಶ ಇದರಲ್ಲಿ ಓಡುವುದಿಲ್ಲ.

ಬೀದಿಯ ಮುಕ್ಕಾಲು ಮನೆಗಳು ಒಪ್ಪಿವೆ. ಒಪ್ಪದವರಲ್ಲಿ ಅತ್ತೆಯೇ ಮೊದಲಿಗರು. ಎದುರಿನ ಕನ್ನಡಕದಂಗಡಿಯವರಿಗೆ ಅದೇ ಸಾಕು: “ದೀಪದ ಬುಡದಲ್ಲೇ ಕತ್ತಲೆ! ನಿಮ್ಮತ್ತೇನೇ ನಂಬಲ್ಲ, ನಾನ್ಯಾಕಮ್ಮ ನಂಬ್ಲಿ?” ಆ ಮಾತು ಕೇಳಿ ಹಿಂದೆ ಸರಿದ ಗಿರಾಕಿಗಳೂ ಇದ್ದಾರೆ.

ನಿನ್ನೆ ಅತ್ತೆಯ ಕಂಪ್ಯೂಟರ್ ಕೆಟ್ಟು ಕೂತಾಗ ಗಂಡ ಉಪಾಯ ಹೇಳಿದರು. “ಲಿನಕ್ಸ್ ಹಾಕಿ ಮೇಲೆ ಹಳೇ ಮುಖ ಅಂಟಿಸ್ಬಿಡೇ. ಅಮ್ಮಂಗೆ ಗೊತ್ತೇ ಆಗಲ್ಲ. ಕನ್ನಡಕದವರ ಬಾಯೂ ಮುಚ್ಚುತ್ತೆ.”

ಹೊರನೋಟಕ್ಕೆ ಹಳೆಯದರಂತೆಯೇ ಕಾಣುವ ಹಾಗೆ ಮಾಡುವುದು ರಿಪೇರಿ ಅಕ್ಕನಿಗೆ ಎಡಗೈ ಕೆಲಸ. “ನನಗೆ ಗೊತ್ತಿರುತ್ತಲ್ಲ ರೀ,” ಎಂದರು. “ಏನೂ ಮುಚ್ಚಿಡದ ವಸ್ತುನ ನಾನು ಮುಚ್ಚಿಟ್ಟು ಕೊಡ್ಲಾ?”

ಎದುರಂಗಡಿ ತೆರೆಯುವ ಹೊತ್ತಿಗೆ ಕಂಪ್ಯೂಟರ್ ಮತ್ತೆ ಉಸಿರಾಡುತ್ತದೆ. ಅತ್ತೆ ಮೆಟ್ಟಿಲಿಳಿದು ಬರುತ್ತಾರೆ. ಸೊಸೆ ಪೆನ್‌ಡ್ರೈವ್ ಚುಚ್ಚಿ, ಒಮ್ಮೆ ನೋಡಿಯಾದರೂ ನೋಡಿ ಎಂದು ಕೂರಿಸಿ, ಎಂದಿನಂತೆ ಬೆನ್ನು ತಿರುಗಿಸುತ್ತಾರೆ. ಹಿಂದೆ ಮೌಸ್ ಚಟಪಟ ಎನ್ನುತ್ತದೆ, ನಿಲ್ಲುತ್ತದೆ.

“ಚೆನ್ನಾಗೇನೋ ಇದೆ ಕಣೇ. ಆದ್ರೆ ನನ್ನ ಅಡುಗೆಮನೆ ಡಬ್ಬಿನೆಲ್ಲ ಯಾರೋ ಅದಲು ಬದಲು ಮಾಡಿಟ್ಟ ಹಾಗಿದೆ. ಬೇಡ.”

“ಆಯ್ತು ಅತ್ತೆ. ಆದ್ರೆ ನಿಮ್ಮದಕ್ಕೆ ಇನ್ಮೇಲೆ ವೈರಸ್ ತಡೆಯೋ ಕಂಪನಿಯವರ ಕಾವಲಿಲ್ಲ. ಇಂಟರ್ನೆಟ್ ವೈರು ಕೀಳ್ತೀನಿ. ಫೋಟೊ, ಇಸ್ಪೀಟಾಟ, ಅಷ್ಟೇ.”

“ಕೀಳು. ಇಸ್ಪೀಟಲ್ಲಿ ನನ್ನ ಗೆಲ್ಲೋರು ಇಂಟರ್ನೆಟ್ಟಲ್ಲೂ ಇಲ್ಲ.”

ಕನ್ನಡಕದವರು ಬಾಗಿಲಿಗೇ ಬಂದು ನಿಂತಿದ್ದಾರೆ. “ಸೋತ್ರಲ್ಲಮ್ಮ!”

ರಿಪೇರಿ ಅಕ್ಕ ಸ್ಕ್ರೂ ಬಿಗಿಯುತ್ತಲೇ ಉತ್ತರಿಸುತ್ತಾರೆ: “ಬೇಡ ಅಂದವರ ಮೇಲೆ ಹೇರದ ಅಂಗಡಿ ಸ್ವಾಮಿ ಇದು. ಹೋಗಿ ಎಲ್ಲರಿಗೂ ಹೇಳಿ.”

ಅತ್ತೆಯ ಕಂಪ್ಯೂಟರಿನಲ್ಲಿ ಹಳೆಯ ವ್ಯವಸ್ಥೆಯೇ ಇದೆ. ಸೊಸೆ ಮಾತು ಉಳಿಸಿಕೊಂಡಿದ್ದಾರೆ.