ಚಿಕ್ಕಸಿದ್ದಮ್ಮ ಬಿಡಿಸಿದ ಇಂಗ್ಲಿಷ್ ಪದ

ಕಟ್ಟೆಮಳಲವಾಡಿಯ ಚಿಕ್ಕಸಿದ್ದಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದರು. ಹುಡುಗಿಯಾಗಿದ್ದಾಗ ಮನೆಯವರು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಅಲ್ಲಿಂದಾಚೆಗೆ ಕೂಲಿ, ಅದರಲ್ಲಿ ಇಪ್ಪತ್ತು ವರ್ಷ ನಮ್ಮ ಚಿಕ್ಕಪ್ಪ ನಟರಾಜು ಅವರ ಬ್ಯಾರನ್ನಿನಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸಿ ಹದಮಾಡುವ ಮನೆಯಲ್ಲಿ. ಮೊದಲ ಸಲ ಎಲ್ಲ ವಿಷಯವೂ ಪಾಸಾಗಿ ಇಂಗ್ಲಿಷ್ ಒಂದೇ ಉಳಿಯಿತು. ನಾನು ಹುಣಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದರು.

"ರೂಪವ್ವ, ಇದೊಂದೇ ವಿಸಯ ಕಣವ್ವ. ದಾಟಿಸ್ಬುಡಿ."

ಮರೆಗುಳಿಯೇನಲ್ಲ ಅವರು. ಒಮ್ಮೆ ಕೇಳಿದ ಪದವನ್ನು ಬಿಡುತ್ತಿರಲಿಲ್ಲ. ಒಂದು ವಾರ ಪಾಠದಲ್ಲಿ 'ಅನ್‌ವೈಂಡ್' ಬಂತು. ಕಥೆಯ ರೈತ ಸಂಜೆ ಹೊಳೆದಂಡೆಯಲ್ಲಿ ಕೂತು ಅನ್‌ವೈಂಡ್ ಆಗುತ್ತಾನೆ. ಸುತ್ತಿದ ದಾರ ಬಿಚ್ಚುವುದು ಅದರ ಮೂಲ ಅರ್ಥ, ದಣಿವಾರಿಸಿಕೊಳ್ಳುವುದು ಇನ್ನೊಂದು ಅರ್ಥ ಎಂದೆ.

ಚಿಕ್ಕಸಿದ್ದಮ್ಮ ಪುಸ್ತಕ ಮುಚ್ಚಿದರು. "ಅದೆಂಗವ್ವ? ಕಡ್ಡಿಗೆ ಕಟ್ಟಿದ ಸೊಪ್ಪಿನ ದಾರ ಬಿಚ್ಚಿ ಬಿಚ್ಚಿ ನನ್ ಬೆರಳು ಮರಗಟ್ಟೋಗವೆ. ಬಿಚ್ಚೋದೇ ದಣಿವು. ಸುದಾರಿಸ್ಕಳೋದು ಎಂಗಾಯ್ತದೆ?"

ಪಾಠ ಹೇಳಿದ ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಯೋಚಿಸಿ ಹೇಳಿದೆ: "ಇಲ್ಲಿ ಬಿಚ್ಚೋರು ನೀವಲ್ಲ ಸಿದ್ದಮ್ಮ. ನೀವೇ ದಾರ. ಬಿಗಿಯಾಗಿ ಸುತ್ತಿಕೊಂಡಿದ್ದು ಮೆಲ್ಲಗೆ ಸಡಿಲ ಆಗೋದು."

"ದಾರ ನಾವಾ!" ಎಂದು ಪುಸ್ತಕ ಮತ್ತೆ ತೆರೆದರು. ಬೆಟ್ಟದ ದಾರಿ, ಬಚ್ಚಿಟ್ಟ ಗುಟ್ಟು, ಒಂದು ಕಥೆ, ಇವೆಲ್ಲ ಸುರುಳಿ ಬಿಚ್ಚಿಕೊಳ್ಳುವುದಕ್ಕೂ ಬರೆಯುವವರು ಇದೇ ಪದ ಹಾಕುತ್ತಾರೆ ಎಂದಾಗ ಮುಖ ಅರಳಿತು. ಅದರ ಭೂತಕಾಲದ ರೂಪ 'ಅನ್‌ವೌಂಡ್' ನೋಡಿ, ಅದರೊಳಗಿನ ಅಕ್ಷರಗಳನ್ನು ಗಾಯ ಎಂಬರ್ಥದ 'ವೂಂಡ್' ಎಂದುಕೊಂಡು, 'ಗಾಯ ಇಲ್ದೋರು' ಎಂದು ಅರ್ಥ ಹೇಳಿದರು. ತಿದ್ದಿದೆ. ಇಬ್ಬರೂ ನಕ್ಕೆವು.

ಮುಂದಿನ ಸೋಮವಾರ ಬ್ಯಾರನ್ನಿನಲ್ಲಿ ಉಂಡ ಕೈ ತೊಳೆದವರೇ ಚಿಕ್ಕಪ್ಪನ ಮುಂದೆ ನಿಂತರಂತೆ.

"ಅಣ್ಣೋರೇ, ಉಂಡ್ಮೇಲೆ ಅರ್ಧ ಗಂಟೆ ಬೇಕು ನಮ್ಗೆ."

"ಯಾಕವ್ವಾ?"

"ಅನ್‌ವೈಂಡ್ ಆಗಕ್ಕೆ."

"ಅಂಗಂದ್ರೆ?"

"ಸುಮ್ಕೆ ಕೂತ್ಕಳಾಕೆ."

"ಸೊಪ್ಪು ಕಾಯ್ತದಾ?"

"ಇಪ್ಪತ್ತು ವರ್ಸ ನಾವು ಕಾಯ್ಲಿಲ್ವಾ?"

ಅಷ್ಟು ಹೇಳಿ ಹೊಂಗೆ ಮರದಡಿ ಹೋಗಿ ಕೂತರು. ಒಬ್ಬೊಬ್ಬರಾಗಿ ಉಳಿದ ಆರು ಹೆಂಗಸರೂ ಎದ್ದು ಪಕ್ಕದಲ್ಲಿ ಕೂತರು. ಚಿಕ್ಕಪ್ಪ ಒಂದಷ್ಟು ಹೊತ್ತು ನೋಡಿ ಒಳಗೆ ಹೋದರು. ಸಂಜೆ ಮನೆಗೆ ಬಂದು, "ಏನ್ ಕಲಿಸ್ತಿದ್ದೀಯ ನೀನು?" ಎಂದು ಗದರಿದರು. ಅರ್ಥ ಹೇಳಿದೆ. ಚಿಕ್ಕಪ್ಪ ಒಂದು ಕಾಲಕ್ಕೆ ತಾವೂ ಸೊಪ್ಪು ಕಟ್ಟಿ ಬಿಚ್ಚಿದ್ದ ಕೈಯನ್ನೇ ನೋಡಿಕೊಂಡರು. ಅರ್ಧ ಗಂಟೆ ಅವತ್ತಿನಿಂದ ಖಾಯಂ ಆಯಿತು. ನಾನು ಹುಟ್ಟಿದ ಮನೆಯ ಬ್ಯಾರನ್ನು ಅದು. ಆ ಅರ್ಧ ಗಂಟೆಯನ್ನು ಕೇಳಬೇಕೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಮುಂದಿನ ಬೇಸಿಗೆ ಇಂಗ್ಲಿಷಿನಲ್ಲಿ ನಲವತ್ತನಾಲ್ಕು ಅಂಕ ಬಂತು, ಪಾಸಾದರು. ಚಿಕ್ಕಸಿದ್ದಮ್ಮ ಯಾರಿಗೂ ಸಿಹಿ ಹಂಚಲಿಲ್ಲ. ಪಿಯುಸಿ ಅರ್ಜಿ ತುಂಬಿ, ಒಬ್ಬರೇ ಹುಣಸೂರಿನ ಬಸ್ಸು ಹತ್ತಿದರು.